ಅಕ್ಕನಿಗೆ ಅರ್ಧ ಓದಿ ನಿಲ್ಲಿಸಿದ ಪುಸ್ತಕ: ಕುವೆಂಪು ಭಾಷಾ ಭಾರತಿ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. 1986ರಿಂದ 2021ರವರೆಗೆ, ಮೂವತ್ತೈದು ವರ್ಷ, ಆಸ್ಪತ್ರೆಯೊಂದರ ಹಿಸ್ಟೋಪೆಥಾಲಜಿ, ಎಂದರೆ ಮೈಯಿಂದ ತೆಗೆದ ಭಾಗಗಳನ್ನು ಪರೀಕ್ಷಿಸುವ, ವಿಭಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು. ಕವಿತೆಯೆಂದರೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು, ಮದುವೆಯ ಕರೆಯೋಲೆಯ ಮೇಲೆ ಅಚ್ಚಾಗುವುದು, ರಾಜ್ಯೋತ್ಸವದ ದಿನ ಮೈಕಿನಲ್ಲಿ ಕೇಳಿಸುವುದು, ಇಷ್ಟೇ ಎಂದು ತಿಳಿದಿದ್ದವನು. ಅಂಥವನು ನಿಮಗೆ, ಅದೂ ನಾಲ್ಕು ಜನ ಓದುವಂತೆ, ಪತ್ರ ಬರೆಯುತ್ತಿರುವುದಕ್ಕೆ ಒಂದು ತೆಳುವಾದ ಪುಸ್ತಕ ಕಾರಣ. ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ಬರೆದು 1980ರಲ್ಲಿ ಪ್ರಕಟಿಸಿದ ‘ದ ಕ್ಯಾನ್ಸರ್ ಜರ್ನಲ್ಸ್’ ಅದರ ಹೆಸರು. ಅನುವಾದಗಳನ್ನು ಹೊರತರುವ ಸರ್ಕಾರಿ ಸಂಸ್ಥೆಯಾದ ನೀವು ಅದನ್ನು ಕನ್ನಡಕ್ಕೆ ತರಿಸಿ, ಕ್ಯಾನ್ಸರ್ ವಾರ್ಡುಗಳಿಗೆ ಮುಟ್ಟಿಸಿ ಎಂದು ಕೇಳುವುದು ಈ ಪತ್ರದ ಉದ್ದೇಶ. ಕೇಳಿಕೆ ಒಂದೇ ಸಾಲಿನದಾದರೂ ಅದರ ಹಿಂದಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳದೆ ನನಗೆ ಗತ್ಯಂತರವಿಲ್ಲ.

ಮೊದಲು ನನ್ನ ಕೆಲಸ ಎಂಥದಿತ್ತೆಂದು ತಿಳಿಸಬೇಕು. ಆಪರೇಷನ್ ಥಿಯೇಟರಿನಿಂದ ನಮ್ಮ ಕಿಟಕಿಗೆ ಬರುತ್ತಿದ್ದವು ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ತುಂಬಿದ ಡಬ್ಬಿಗಳು, ಮನುಷ್ಯರು ಬರುತ್ತಿರಲಿಲ್ಲ. ಪಿತ್ತಕೋಶಕ್ಕೆ ಸಣ್ಣ ಡಬ್ಬಿ, ಗರ್ಭಕೋಶಕ್ಕೆ ಅದಕ್ಕಿಂತ ದೊಡ್ಡದು, ಸ್ತನಕ್ಕೆ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟು. ಸರ್ಜನ್ನರು ತೆಗೆದ ಭಾಗದ ಮೇಲ್ತುದಿಗೆ ಒಂದು ಗಿಡ್ಡ ದಾರವನ್ನೂ ಹೊರಪಕ್ಕಕ್ಕೆ ಒಂದು ಉದ್ದ ದಾರವನ್ನೂ ಹೊಲಿದು ಕಳುಹಿಸುತ್ತಿದ್ದರು. ಮೈಯಿಂದ ಬೇರೆಯಾದ ಮೇಲೆ ಅದರ ಮೇಲು ಯಾವುದು, ಪಕ್ಕ ಯಾವುದು ಎಂದು ತಪ್ಪಿಲ್ಲದೆ ಹೇಳಲು ಆ ಎರಡು ದಾರಗಳೇ ಆಧಾರ. ಡಾಕ್ಟರು ಅಳತೆ ಬರೆಸಿ, ಗಡ್ಡೆಯನ್ನು ಹೋಳು ಮಾಡಿ, ಕಂಕುಳಿನ ಕೊಬ್ಬಿನಲ್ಲಿ ಅಡಗಿರುವ ಗ್ರಂಥಿಗಳನ್ನು ಬೆರಳಿನಿಂದ ತಡವಿ ಎಣಿಸಿ, ಬೇಕಾದ ತುಣುಕುಗಳನ್ನು ಕ್ಯಾಸೆಟ್ಟುಗಳೆಂಬ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿಕೊಟ್ಟ ಮೇಲೆ ನನ್ನ ಸರದಿ. ಆಲ್ಕೊಹಾಲಿನಲ್ಲಿ ಅವುಗಳ ನೀರು ತೆಗೆದು, ಜೈಲೀನಿನಲ್ಲಿ ತಿಳಿಯಾಗಿಸಿ, ಕರಗಿದ ಮೇಣ ಕುಡಿಸಿ ಬ್ಲಾಕ್ ಮಾಡಿ, ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದರೆ ಮೇಣದ ನವಿರಾದ ರಿಬ್ಬನ್ನು ಬರುತ್ತದೆ. ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಂಡು, ನೇರಳೆ ಮತ್ತು ಗುಲಾಬಿ ಬಣ್ಣ ಕಟ್ಟಿ ಡಾಕ್ಟರ ಮೇಜಿಗೆ ಮುಟ್ಟಿಸುವವರೆಗೆ ನನಗೆ ಗೊತ್ತಿರುತ್ತಿದ್ದದ್ದು ಒಂದು ನಂಬರು, ಓರೆಯಾಗಿ ಗೀಟು, ಇಸವಿಯ ಕೊನೆಯ ಎರಡು ಅಂಕಿ. ಸುಕ್ಕಿಲ್ಲದ ಸ್ಲೈಡು ಕೊಡುವುದರಲ್ಲಿ ನನಗೆ ಹೆಸರಿತ್ತು. ಅದನ್ನು ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ.

1994ರಲ್ಲಿ ನನ್ನ ಅಕ್ಕನ ಎಡಸ್ತನವನ್ನು ತೆಗೆದರು. ಆಗ ಅವಳಿಗೆ ನಲವತ್ತೊಂದು. ಬಕೆಟ್ಟು ನಮ್ಮ ಲ್ಯಾಬಿಗೇ ಬರುವುದೆಂದು ಗೊತ್ತಿದ್ದ ನಾನು ಎರಡು ದಿನ ರಜೆ ಹಾಕಿ ಮನೆಯಲ್ಲಿದ್ದೆ. ವಾಪಸ್ಸು ಹೋದಾಗ ರಿಜಿಸ್ಟರಿನಲ್ಲಿ ಸಹೋದ್ಯೋಗಿಯ ದುಂಡು ಅಕ್ಷರದಲ್ಲಿ ನಂಬರು ಬಿದ್ದಿತ್ತು. ಸ್ಲೈಡುಗಳು ಒಣಗಿ ಟ್ರೇಯಲ್ಲಿ ಕುಳಿತಿದ್ದವು. ರಿಪೋರ್ಟು ಬಂತು, ಕೀಮೋ ಆಯಿತು, ನಮ್ಮ ಕಡೆಯವರು ಹೇಳುವಂತೆ ಕರೆಂಟು, ಎಂದರೆ ರೇಡಿಯೇಷನ್, ಕೊಡಿಸಿದ್ದೂ ಆಯಿತು, ಅಕ್ಕ ಉಳಿದುಕೊಂಡಳು. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಈಗಲೂ ಇದ್ದಾಳೆ. ಆ ಕಾಯಿಲೆಯ ಬಗ್ಗೆ ನಾವಿಬ್ಬರೂ ಅನಂತರ ಒಂದು ಮಾತನ್ನೂ ಆಡಿರಲಿಲ್ಲ. ನಾನು ಬಲ್ಲವನೆಂದು ಅವಳು ಕೇಳಲಿಲ್ಲ, ಅವಳು ಅನುಭವಿಸಿದವಳೆಂದು ನಾನು ಕೇಳಲಿಲ್ಲ.

ಕಳೆದ ದೀಪಾವಳಿಗೆ ಬಂದಿದ್ದ ಅಕ್ಕನ ಮಗಳು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ನಮ್ಮ ಮನೆಯಲ್ಲಿ ಈ ಪುಸ್ತಕವನ್ನು ಬಿಟ್ಟುಹೋದಳು. ಮರೆತದ್ದೋ ಬೇಕೆಂದೇ ಇಟ್ಟದ್ದೋ ನಾನು ವಿಚಾರಿಸಿಲ್ಲ. ಹೆಸರಿನಲ್ಲಿ ಕ್ಯಾನ್ಸರ್ ಎಂದಿದ್ದುದರಿಂದ ವೈದ್ಯಕೀಯ ಪುಸ್ತಕವಿರಬೇಕೆಂದು ಕೈಗೆತ್ತಿಕೊಂಡೆ. ನಾಲ್ಕು ಪುಟ ಓದುವಷ್ಟರಲ್ಲಿ ಇದು ಕಪ್ಪು ಜನಾಂಗದ ಸ್ತ್ರೀವಾದಿ ಕವಿಯೊಬ್ಬರ ಬರಹವೆಂದು ಗೊತ್ತಾಗಿ, ಘೋಷಣೆಗಳ ಪುಸ್ತಕವಿರಬಹುದು, ನನಗೆ ಹೇಳಿದ್ದಲ್ಲ ಎಂದು ಮುಚ್ಚಿಡಲು ಹೋದವನು, ಗಡ್ಡೆಯ ಸುದ್ದಿಗೂ ಆಪರೇಷನ್ನಿಗೂ ನಡುವಿನ ದಿನಗಳನ್ನು ಅವರು ಬರೆದ ಬಗೆ ನೋಡಿ ಅಲ್ಲೇ ನಿಂತೆ. ಒಂದು ಕಡೆ ದಿನಚರಿಯ ಹರಿದ ಸಾಲುಗಳು, ಇನ್ನೊಂದು ಕಡೆ ಅವುಗಳನ್ನೇ ತಿಂಗಳುಗಳ ನಂತರ ಕುಳಿತು ಯೋಚಿಸಿದ ಗದ್ಯ. ಮೊದಲನೆಯದರಲ್ಲಿ ನೋವು ಹಸಿಯಾಗಿದೆ, ಎರಡನೆಯದರಲ್ಲಿ ಅದನ್ನು ತೆಳುವಾಗಿ ಕೊಯ್ದು ಬೆಳಕಿಗೆ ಹಿಡಿದಿದ್ದಾರೆ. ನನ್ನ ಕಸುಬಿನ ಹೋಲಿಕೆಯನ್ನು ಬಳಸುತ್ತಿರುವುದಕ್ಕೆ ಕ್ಷಮೆ ಇರಲಿ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಹನ್ನೊಂದು ದಿನ ಓದಿದೆ.

ಲಾರ್ಡ್ ಅವರಿಗೆ 1978ರ ಸೆಪ್ಟೆಂಬರಿನಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಬಲಸ್ತನ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಇನ್ನೂ ಅಲ್ಲಿದ್ದಾಗಲೇ ಒಂದು ಸ್ವಯಂಸೇವಾ ಸಂಸ್ಥೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ, ಅವರನ್ನು ನೋಡಲು ಬಂದು ಒಂದು ಮೆತ್ತನೆಯ ಬ್ರಾವನ್ನೂ ಅದರೊಳಗಿಡಲು ಕುರಿಮರಿಯ ಉಣ್ಣೆ ತುಂಬಿದ ತಿಳಿಗುಲಾಬಿ ಬಣ್ಣದ ಪುಟ್ಟ ದಿಂಬನ್ನೂ ಕೊಟ್ಟು ಹೋಗುತ್ತಾರೆ. ಲಾರ್ಡ್ ಅದನ್ನು ಕನ್ನಡಿಯ ಮುಂದೆ ನಿಂತು ಇಟ್ಟುಕೊಂಡು ನೋಡುತ್ತಾರೆ. ಅದು ಸೊಟ್ಟಗೆ, ಜೀವವಿಲ್ಲದೆ, ತನಗೆ ಸಂಬಂಧವೇ ಇಲ್ಲದಂತೆ ಎದೆಯ ಮೇಲೆ ಕೂತಿದೆ. ಅಲ್ಲದೆ ಕಪ್ಪು ಮೈಯ ಮೇಲೆ ಬ್ರಾದ ಬಟ್ಟೆಯ ಮೂಲಕವೂ ಅದರ ಬಿಳಿಚಿದ ಬಣ್ಣ ಎದ್ದು ಕಾಣುತ್ತಿದೆ. ತನ್ನಂಥವಳೂ ಈ ಹಾಸಿಗೆಯಲ್ಲಿ ಮಲಗಬಹುದೆಂಬುದು ಆ ದಿಂಬನ್ನು ಮಾಡಿದವರ ಯೋಚನೆಗೇ ಬಂದಿಲ್ಲವೆಂಬುದನ್ನು ಆ ಬಣ್ಣವೊಂದೇ ಹೇಳಿಬಿಡುತ್ತದೆ.

ಮುಂದಿನ ಪ್ರಸಂಗ ಹೊಲಿಗೆ ಬಿಚ್ಚಿಸುವ ದಿನದ್ದು, ಆಪರೇಷನ್ ಆಗಿ ಹತ್ತು ದಿನಕ್ಕೆ. ಎದ್ದು ಓಡಾಡುವುದೇ ಒಂದು ಹಬ್ಬವೆಂಬಂತೆ ಅವರು ತಲೆ ತೊಳೆದು, ಆಫ್ರಿಕದ ಕೆಂಟೆ ಬಟ್ಟೆಯ ನಿಲುವಂಗಿ ತೊಟ್ಟು, ಹೊಸ ಬೂಟು ಹಾಕಿ, ಬಲಕಿವಿಗೆ ಮಾತ್ರ ಹಾರುವ ಹಕ್ಕಿಯ ಒಂಟಿ ಓಲೆಯನ್ನು ತೂಗಿಬಿಟ್ಟುಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಹೋಗುತ್ತಾರೆ. ಬಲಗಡೆಯೇ ಏಕೆಂದು ವಿವರಿಸಬೇಕಿಲ್ಲ; ಮೈ ಒಂದು ಪಕ್ಕಕ್ಕೆ ಕಳೆದುಕೊಂಡದ್ದನ್ನು ಮುಚ್ಚುವ ಬದಲು ಆ ಪಕ್ಕಕ್ಕೇ ಒಡವೆ ಹಾಕಿ ಮೆರೆಸಿದ್ದಾರೆ. ನೋಡಿದ ನರ್ಸ್ ಮೊದಲು ಚೆನ್ನಾಗಿ ಕಾಣುತ್ತೀರಿ ಎನ್ನುತ್ತಾರೆ. ಆಮೇಲೆ ಕಣ್ಣು ಎದೆಯತ್ತ ಹೋಗಿ, ಆ ದಿಂಬನ್ನು ಯಾಕೆ ಹಾಕಿಕೊಂಡಿಲ್ಲ, ಇಲ್ಲಿಗೆ ಬರುವಾಗಲಾದರೂ ಏನನ್ನಾದರೂ ಇಟ್ಟುಕೊಂಡು ಬನ್ನಿ, ಇಲ್ಲದಿದ್ದರೆ ಇಲ್ಲಿನವರ ಮನಃಸ್ಥೈರ್ಯಕ್ಕೆ ಒಳ್ಳೆಯದಲ್ಲ ಎಂಬರ್ಥದ ಮಾತು ಹೇಳುತ್ತಾರೆ. ಅಲ್ಲಿಗೆ ಬಂದು ಕೂತಿರುವವರೆಲ್ಲ ಸ್ತನ ತೆಗೆಸಿಕೊಂಡವರು ಅಥವಾ ತೆಗೆಸಿಕೊಳ್ಳಲಿರುವವರು. ಲಾರ್ಡ್ ಆಗ ಇಸ್ರೇಲಿನ ಮೋಶೆ ದಯಾನರನ್ನು ನೆನೆಯುತ್ತಾರೆ. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ಆತ ಕಪ್ಪು ಪಟ್ಟಿ ಕಟ್ಟಿಕೊಂಡು ಜಗತ್ತಿನ ಮುಂದೆ ನಿಂತಾಗ, ಹೋಗಿ ಗಾಜಿನ ಕಣ್ಣು ಹಾಕಿಸಿಕೊಂಡು ಬಾ ಎಂದು ಯಾರೂ ಹೇಳುವುದಿಲ್ಲ.

ಈ ಪುಟದಲ್ಲಿ ನನಗೆ ಅಳು ಬಂತು ಎಂದರೆ ನೀವು ಲಾರ್ಡ್ ಅವರ ಅವಮಾನಕ್ಕೆ ಮರುಗಿದೆನೆಂದು ತಿಳಿಯುತ್ತೀರಿ. ನಾನು ಅಲ್ಲಿ ನನ್ನನ್ನು ಕಂಡದ್ದು ಆ ನರ್ಸಿನಲ್ಲಿ. ಪುಸ್ತಕ ಮಗುಚಿಟ್ಟು ಬೀರುವಿನ ಮೇಲಿನ ಹಳೆಯ ಆಲ್ಬಮ್ಮನ್ನು ಇಳಿಸಿದೆ. 1995ರಲ್ಲಿ ನಮ್ಮ ಮನೆಯ ಗೃಹಪ್ರವೇಶ. ಅಕ್ಕನ ಕೂದಲು ಆಗಷ್ಟೇ ಬೆರಳುದ್ದ ಬೆಳೆದಿತ್ತು. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ನಾನು ಅವಳ ಹತ್ತಿರ ಹೋಗಿ, ಸಣ್ಣ ದನಿಯಲ್ಲಿ, “ಅಕ್ಕ, ಸೆರಗು ಸ್ವಲ್ಪ ಸರಿಯಾಗಿ ಹೊದ್ಕೋ, ಫೋಟೋ ತೆಗೀತಾರೆ” ಎಂದಿದ್ದೆ. ಫೋಟೋದಲ್ಲಿ ಅವಳು ಸೆರಗನ್ನು ಭುಜದ ಸುತ್ತ ಎಳೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ, ಮೇ ತಿಂಗಳ ಬಿಸಿಲಿನಲ್ಲಿ ಚಳಿಯಾದವಳ ಹಾಗೆ. ಸಾವಿರಾರು ಸ್ಲೈಡುಗಳ ಮೇಲಿನ ಸುಕ್ಕು ಬಿಡಿಸಿದ ಕೈ ಇದು. ಅಂದು ಬಿಡಿಸಲು ಹೋದದ್ದೂ ಅಂಥದೇ ಒಂದು ಸುಕ್ಕನ್ನು ಎಂದು ಭಾವಿಸಿದ್ದೆನೇನೋ.

ಆ ವಾರವೇ ಪುಸ್ತಕ ಹಿಡಿದು ಊರಿಗೆ ಹೋದೆ. ಕ್ಷಮೆ ಕೇಳುವ ಧೈರ್ಯವಿರಲಿಲ್ಲ. ಓದಿ ಹೇಳುತ್ತೇನೆ ಎಂದೆ. ಅಕ್ಕ ಏಳನೆಯ ತರಗತಿಯವರೆಗೆ ಓದಿದವಳು, ಕನ್ನಡ ಪತ್ರಿಕೆಯನ್ನು ಜಾಹೀರಾತು ಸಮೇತ ಓದುತ್ತಾಳೆ, ಇಂಗ್ಲಿಷ್ ಬಾರದು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳ ಎದುರು ನಾನು ಇಂಗ್ಲಿಷಿನ ಒಂದೊಂದೇ ವಾಕ್ಯವನ್ನು ಕಣ್ಣಿನಲ್ಲಿ ಓದಿಕೊಂಡು ಬಾಯಲ್ಲಿ ಕನ್ನಡ ಮಾಡುತ್ತ ಹೋದೆ. ಮೊದಲ ಪುಟದಲ್ಲೇ ಎಡವಿದೆ. ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿರುವ ‘ಸ್ತನ’ ಎಂಬ ಶಬ್ದ ಜಗಲಿಯ ಮೇಲೆ ಕೂತು ಆಡುವಂಥದಲ್ಲ. ‘ಎದೆ’ ಎಂದರೆ ಹೃದಯವೂ ಆಗುತ್ತದೆ, ಗಂಡಸಿನದೂ ಆಗುತ್ತದೆ. ಉಳಿದ ಒಂದು ಶಬ್ದ ನನ್ನ ನಾಲಗೆಯ ಮೇಲೆ ಬರಲಿಲ್ಲ. ನಾನು ತಡವರಿಸುವುದನ್ನು ನೋಡಿ ಅಕ್ಕನೇ, “ಮೊಲೆ ಅನ್ನೋ. ನಾಚ್ಕೆ ಯಾಕೆ? ನೀನೇನು ಅಮ್ಮನ ಹಾಲು ಕುಡೀದೆ ಬೆಳೆದ್ಯಾ?” ಎಂದಳು. ಅಲ್ಲಿಂದ ಮುಂದೆ ಓದು ಸಲೀಸಾಯಿತು.

ಉಣ್ಣೆಯ ದಿಂಬಿನ ಪ್ರಸಂಗ ಬಂದಾಗ ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ನಗತೊಡಗಿದಳು. ಮೂವತ್ತು ವರ್ಷ ನಾನು ಕೇಳದಿದ್ದುದನ್ನು ಆಗ ಕೇಳಿದೆ. ಗೃಹಪ್ರವೇಶ ಮುಗಿಸಿ ಊರಿಗೆ ಬಂದ ವಾರದಲ್ಲೇ ಅವಳು ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಒಂದು ಚೀಲ ಹೊಲಿದುಕೊಂಡಿದ್ದಳಂತೆ. ಹತ್ತಿ ತುಂಬಿದರೆ ಹಗುರವಾಗಿ ಮೇಲಕ್ಕೇರುತ್ತಿತ್ತು, ಬಗ್ಗಿ ಕಳೆ ಕೀಳುವಾಗ ಆಚೆಗೇ ಬರುತ್ತಿತ್ತು. ಹುಣಸೆಬೀಜ ತುಂಬಿದರೆ ನಡೆಯುವಾಗ ಸದ್ದು. ಕೊನೆಗೆ ರಾಗಿ ಸರಿಯಾಯಿತು. ಮೈಗೆ ಒಗ್ಗುತ್ತದೆ, ತೂಕವೂ ಇನ್ನೊಂದು ಪಕ್ಕಕ್ಕೆ ಸಮ. ಒಂದು ಆಷಾಢದಲ್ಲಿ ಸಂತೆಯಿಂದ ಬರುವಾಗ ಮಳೆಗೆ ತೊಪ್ಪೆಯಾಗಿ, ರಾತ್ರಿ ಚೀಲವನ್ನು ತೆಗೆದು ಟ್ರಂಕಿನ ಹಿಂದೆ ಬಚ್ಚಿಟ್ಟವಳು ಮರೆತಳು. ಮೂರನೆಯ ದಿನ ನೋಡಿದರೆ ಬಟ್ಟೆಯ ನೂಲಿನ ನಡುವಿನಿಂದ ಬಿಳಿಯ ಮೊಳಕೆಗಳು ಹೊರಗೆ ಬಂದಿವೆ. ಮಕ್ಕಳ ಸರಿಹಿಟ್ಟಿಗೆ ರಾಗಿ ಮೊಳಕೆ ಕಟ್ಟುವುದೂ ಹೀಗೆಯೇ ಅಲ್ಲವೇ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಕತ್ತಲಲ್ಲಿಟ್ಟು. ಅವಳು ಅದನ್ನು ಕೋಳಿಗಳಿಗೆ ಸುರಿದು, ಅಲ್ಲಿಂದಾಚೆಗೆ ರಾಗಿಯನ್ನು ಹುರಿದು ತುಂಬತೊಡಗಿದಳು, ಮತ್ತೆ ಮೊಳೆಯದಿರಲಿ ಎಂದು. “ಒಳಗಿನ ಗಂಟು ತೆಗೆದ್ರು, ಹೊರಗೊಂದು ಗಂಟು ಕಟ್ಕೊಂಡೆ” ಎಂದು ಅವಳು ಹೇಳಿದಾಗ, ನನ್ನ ನಿಘಂಟಿನಲ್ಲಿ ಇಲ್ಲದ ಒಂದು ಕನ್ನಡ ನನಗೆ ಕೇಳಿಸಿತು.

ಹಕ್ಕಿಯ ಓಲೆಯ ಮಾತಿಗೆ ಅವಳು ನಗಲಿಲ್ಲ. “ಅವಳ ಕಿವೀಲಿ ಒಂದಾದ್ರೂ ಇತ್ತು ಕಣೋ. ನನ್ನವೆರಡೂ ಆಪರೇಷನ್ನಿಗೆ ಅಡ ಹೋದ್ವು. ಬಿಡಿಸ್ಕೊಳ್ಳೋಕಾಗ್ಲಿಲ್ಲ” ಎಂದಳು. ಅದೂ ನನಗೆ ಗೊತ್ತಿರಲಿಲ್ಲ. ದುಡ್ಡು ಹೊಂದಿಸಿದ್ದು ಭಾವ ಎಂದಷ್ಟೇ ತಿಳಿದಿದ್ದೆ.

ಮಾನ್ಯರೇ, ಇದಿಷ್ಟನ್ನು ನಿಮ್ಮ ಮುಂದಿಡುತ್ತಿರುವುದು ನಮ್ಮ ಮನೆಯ ಕಥೆ ಅಪರೂಪದ್ದೆಂದಲ್ಲ. ಮೂವತ್ತೈದು ವರ್ಷ ನಾನು ಬರೆದ ರಿಜಿಸ್ಟರುಗಳ ಪ್ರತಿಯೊಂದು ಅಂಥ ನಂಬರಿನ ಹಿಂದೆಯೂ ಒಂದು ಚೀಲವೋ ಒಂದು ಸೆರಗೋ ಇದ್ದಿರಬೇಕೆಂದು ಈಗ ಅನಿಸುತ್ತಿದೆ. ಸತ್ತವರನ್ನು ಲೆಕ್ಕವಿಡುವಷ್ಟೇ ನಿಗಾ ಕೊಟ್ಟು ಬದುಕಿರುವವರನ್ನೂ ಎಣಿಸಲು ಕಲಿಯಬೇಕೆಂಬ ಅರ್ಥದ ಮಾತು ಲಾರ್ಡ್ ಅವರ ದಿನಚರಿಯಲ್ಲಿದೆ. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ರಿಪೋರ್ಟಿನ ದಿನಾಂಕವೇ ಕೊನೆಯ ಕಾಲಂ.

ಕನ್ನಡದಲ್ಲಿ ಇಂಥ ಬರವಣಿಗೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ದಿನಗಳನ್ನು ಕುರಿತು ಬರೆದ ‘ಸಾಸಿವೆ ತಂದವಳು’ ಇದೆ. ಅಕ್ಕನ ಮಗಳು ಅದನ್ನೂ ತಂದುಕೊಟ್ಟಿದ್ದಾಳೆ. ಅಂಥ ಒಂದು ಪುಸ್ತಕದ ಪಕ್ಕದಲ್ಲಿ ಇನ್ನು ನಾಲ್ಕು ಇರಲಿ ಎಂಬುದಷ್ಟೇ ನನ್ನ ಆಸೆ. ಲಾರ್ಡ್ ಅವರ ಪುಸ್ತಕವನ್ನು ಮಾತ್ರ ನಾನು ಕೇಳಿದ ಯಾವ ಅಂಗಡಿಯಲ್ಲೂ ಕನ್ನಡದಲ್ಲಿ ಕೊಡಲಿಲ್ಲ.

ಇದು ದೂರದೇಶದ ಸಂಗತಿ, ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂದು ಯಾರಾದರೂ ಸಭೆಯಲ್ಲಿ ಆಕ್ಷೇಪಿಸಿದರೆ, ಮುದನೂರಿನ ನೇಕಾರ ದೇವರ ದಾಸಿಮಯ್ಯನನ್ನು ನೆನಪಿಸಬೇಕೆಂದು ಕೋರುತ್ತೇನೆ. “ಮೊಲೆ ಮುಡಿ ಬಂದಡೆ ಹೆಣ್ಣೆಂಬರು” ಎಂದು ಶುರುವಾಗುವ ಅವನ ವಚನವನ್ನು ನಾನು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂಬ ಕೊನೆಯ ಮಾತಿಗೆ ತಲೆದೂಗಿದ್ದೇನೆ. ಆದರೆ ಮೊದಲ ಎರಡು ಶಬ್ದಗಳ ಮೇಲೆ ಗಮನ ನಿಂತದ್ದು ಲಾರ್ಡ್ ಅವರನ್ನು ಓದಿದ ಮೇಲೆ. ಮೊಲೆಯನ್ನು ಆಪರೇಷನ್ ಒಯ್ಯುತ್ತದೆ, ಮುಡಿಯನ್ನು ಕೀಮೋ ಒಯ್ಯುತ್ತದೆ. ಯಾವೆರಡನ್ನು ನೋಡಿ ಲೋಕ ಹೆಣ್ಣೆನ್ನುತ್ತದೆಯೋ ಅವೆರಡೂ ಒಂದೇ ವರ್ಷದೊಳಗೆ ಹೋದವಳಿಗೆ ಆ ವಚನ ತತ್ತ್ವವಲ್ಲ, ಕನ್ನಡಿಯ ಮುಂದಿನ ದಿನನಿತ್ಯದ ಪ್ರಶ್ನೆ. ಸಾವಿರ ವರ್ಷದ ಹಿಂದೆ ಆ ಶಬ್ದವನ್ನು ದೇವರ ಎದುರೇ ನಿಸ್ಸಂಕೋಚವಾಗಿ ಆಡಿದ ಭಾಷೆ ನಮ್ಮದು; ಜಗಲಿಯ ಮೇಲೆ ತಡವರಿಸಿದ್ದು ನಾನು, ಭಾಷೆಯಲ್ಲ.

ಅನುವಾದಕರ ಆಯ್ಕೆಯ ವಿಷಯದಲ್ಲಿ ಒಂದು ಬಿನ್ನಹವಿದೆ. ದಯವಿಟ್ಟು ಈ ಪುಸ್ತಕವನ್ನು ಕರ್ಕರೋಗ, ಅರ್ಬುದ, ವಿಕಿರಣ ಚಿಕಿತ್ಸೆಗಳ ಕನ್ನಡಕ್ಕೆ ಒಪ್ಪಿಸಬೇಡಿ. ಆ ಶಬ್ದಗಳು ತಪ್ಪೆಂದಲ್ಲ. ಅವುಗಳನ್ನು ವಾರ್ಡಿನಲ್ಲಿ ಯಾರೂ ಆಡುವುದಿಲ್ಲ. ಅಲ್ಲಿ ಗಡ್ಡೆ ಇದೆ, ಗಂಟು ಇದೆ, ಕೀಮೋ ಇದೆ, ಕರೆಂಟು ಇದೆ, ನರಕ್ಕೆ ಹಾಕುವ ಕೆಂಪು ಔಷಧಿ ಇದೆ, ಅದು ಹೋದ ದಿನ ಕೆಂಪಗಾಗುವ ಮೂತ್ರವನ್ನು ನೋಡಿ ರಕ್ತವೆಂದು ಹೆದರುವುದಿದೆ. ಅನುವಾದಕರು ಒಂದು ವಾರ ಕೀಮೋ ಕೊಡುವ ಡೇ ಕೇರ್ ಕೋಣೆಯಲ್ಲಿ ಕೂತು ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಲಾರ್ಡ್ ಕವಿಯಾಗುವುದರ ಜೊತೆಗೆ ಹಲವು ವರ್ಷ ಲೈಬ್ರೇರಿಯನ್ ಆಗಿದ್ದವರು. ಯಾರ ಕೈಗೆ ಯಾವ ಪುಸ್ತಕ ಹೋಗಬೇಕೆಂಬ ಚಿಂತೆ ಅವರ ಗದ್ಯದಲ್ಲಿಯೂ ಇದೆಯೆಂದು ನನಗನಿಸಿದೆ.

ಹಕ್ಕುಗಳ ಪ್ರಶ್ನೆ ಬರುತ್ತದೆ. ಲಾರ್ಡ್ ತೀರಿಕೊಂಡದ್ದು 1992ರ ನವೆಂಬರಿನಲ್ಲಿ; ನಮ್ಮ ಕಾನೂನಿನಂತೆ ಲೇಖಕರ ಮರಣದ ನಂತರದ ಅರವತ್ತು ವರ್ಷ ಎಂದರೆ 2052ರ ಕೊನೆಯವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಅಷ್ಟು ಕಾಯುವ ವ್ಯವಧಾನ ನನ್ನ ಅಕ್ಕನಿಗಿಲ್ಲ. ಪ್ರಕಟವಾಗಿ ಏಳು ವರ್ಷ ಕಳೆದ ಕೃತಿಯ ಅನುವಾದಕ್ಕೆ ಪರವಾನಗಿ ಕೋರಿ ಅರ್ಜಿ ಹಾಕಲು ಕೃತಿಸ್ವಾಮ್ಯ ಕಾಯ್ದೆಯ 32ನೆಯ ಕಲಂ ಒಂದು ದಾರಿ ತೋರಿಸುತ್ತದಾದರೂ, ವಾರಸುದಾರರಿಗೆ ಪತ್ರ ಬರೆದು ಅನುಮತಿ ಕೇಳಿ ಪಡೆಯುವುದೇ ಮರ್ಯಾದೆಯ ದಾರಿ. ಇದನ್ನು ನನ್ನಂಥ ಒಬ್ಬ ಪಿಂಚಣಿದಾರನಾಗಲಿ ಸಣ್ಣ ಪ್ರಕಾಶಕರಾಗಲಿ ಮಾಡುವುದು ಕಷ್ಟ. ಸರ್ಕಾರದ ಲೆಟರ್‌ಹೆಡ್ ಇರುವ ನಿಮಗೆ ಕಷ್ಟವಲ್ಲ.

ಅನುಮತಿ ಬರುವುದು ತಡವಾಗುವುದಾದರೆ ಇನ್ನೊಂದು ಬರಹದಿಂದ ಶುರು ಮಾಡಬಹುದು. ಅದು ಇನ್ನೂರು ವರ್ಷಕ್ಕೂ ಹಿಂದಿನದು. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಸ್ತನದ ಆಪರೇಷನ್ ಆಯಿತು. ಅರಿವಳಿಕೆ ಇನ್ನೂ ಹುಟ್ಟದ ಕಾಲ. ಕೊಟ್ಟದ್ದು ಒಂದು ಲೋಟ ಮದ್ಯ ಬೆರೆಸಿದ ಪಾನೀಯ. ನೆಪೋಲಿಯನ್ನನ ಸೇನೆಯ ಸರ್ಜನ್ ಲಾರೆ ಮತ್ತು ಕಪ್ಪು ಬಟ್ಟೆ ತೊಟ್ಟ ಗಂಡಸರು ಮನೆಗೇ ಬಂದು ಸುತ್ತ ನಿಂತರು. ಮುಖದ ಮೇಲೆ ಹಾಸಿದ ಬಟ್ಟೆ ಎಷ್ಟು ತೆಳುವಾಗಿತ್ತೆಂದರೆ ಅದರೊಳಗಿನಿಂದಲೇ 'ಉಕ್ಕಿನ ಹೊಳಪು' ಅವಳಿಗೆ ಕಂಡಿತು. ಅದನ್ನೆಲ್ಲ ಅವಳು ಮರುವರ್ಷ, ತಿಂಗಳುಗಟ್ಟಲೆ ತಡೆತಡೆದು, ಇಂಗ್ಲೆಂಡಿನಲ್ಲಿದ್ದ ತನ್ನ ಅಕ್ಕ ಎಸ್ತರಳಿಗೆ ಕಾಗದದಲ್ಲಿ ಬರೆದಳು. ಬರೆದದ್ದನ್ನು ತಿರುಗಿ ಓದಿಕೊಳ್ಳಲೂ ಆಗಲಿಲ್ಲ. ಆಮೇಲೆ 1840ರವರೆಗೆ ಬದುಕಿದಳು. ತಂಗಿ ಅಕ್ಕನಿಗೆ ಬರೆದ ಆ ಓಲೆ ಕನ್ನಡದಲ್ಲಿ ಹೆಚ್ಚೆಂದರೆ ಹದಿನೈದು ಪುಟವಾದೀತು.

ಅಚ್ಚು ಹಾಕುವಾಗ ಒಂದು ವಿಷಯ ಗಮನದಲ್ಲಿರಲಿ. ಕೀಮೋ ಹಾಕಿಸಿಕೊಳ್ಳುವವರ ಒಂದು ಕೈಗೆ ಸೂಜಿ ಚುಚ್ಚಿ ಪ್ಲಾಸ್ಟರ್ ಅಂಟಿಸಿರುತ್ತಾರೆ. ಪುಸ್ತಕ ಹಿಡಿಯಲು, ಪುಟ ತಿರುವಲು ಉಳಿದದ್ದು ಇನ್ನೊಂದು ಕೈ, ಮೂರು ನಾಲ್ಕು ಗಂಟೆ. ದಪ್ಪ ರಟ್ಟಿನ, ಹೊಳೆಯುವ ಕಾಗದದ ಸಂಪುಟ ಅಲ್ಲಿ ಯಾರಿಗೂ ಉಪಯೋಗವಿಲ್ಲ. ತೆಳುವಾದ, ದಪ್ಪಕ್ಷರದ, ಬಿಚ್ಚಿದರೆ ಬಿಚ್ಚಿಕೊಂಡೇ ಇರುವ ಪುಸ್ತಕ ಬೇಕು. ಓದು ಬಾರದವರಿಗೆ ಜೊತೆಗೆ ಬಂದವರು ಓದಿ ಹೇಳುವಂತೆ ವಾಕ್ಯಗಳು ಬಾಯಿಗೆ ಹಗುರಾಗಿರಬೇಕು. ಮತ್ತು ಪ್ರತಿಗಳು ಮೊದಲು ಆಸ್ಪತ್ರೆಗಳಿಗೆ ಹೋಗಲಿ. ಶಾಲು, ಹಾರ, ಫಲತಾಂಬೂಲಗಳ ಬಿಡುಗಡೆ ಸಮಾರಂಭವನ್ನು ಆಮೇಲೆ ನೋಡಿಕೊಳ್ಳಬಹುದು. ಆ ಖರ್ಚಿನಲ್ಲಿ ಇನ್ನು ಇನ್ನೂರು ಪ್ರತಿ ಅಚ್ಚಾಗುತ್ತದೆಂದು ನನ್ನ ಅಂದಾಜು, ತಪ್ಪಿದ್ದರೆ ತಿದ್ದಬೇಕು.

ಲಾರ್ಡ್ ಹೇಳಿದ್ದನ್ನೆಲ್ಲ ನಾನು ಒಪ್ಪಿದ್ದೇನೆಂದು ತಿಳಿಯಬೇಡಿ. ಕೃತಕ ಸ್ತನವೆಂಬುದು ಈ ಕಾಯಿಲೆಯ ಹೆಂಗಸರನ್ನು ಒಬ್ಬರಿಗೊಬ್ಬರು ಗುರುತು ಹತ್ತದಂತೆ ಮಾಡಿ ಬಾಯಿ ಮುಚ್ಚಿಸುವ ಉಪಾಯ ಎಂಬ ಅವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಬೆಳಗಿನ ಬಸ್ಸಿನಲ್ಲಿ ನಿಂತು ಹೋಗಬೇಕಾದ, ಕೂಲಿಯಾಳುಗಳ ನಡುವೆ ಬಗ್ಗಿ ದುಡಿಯಬೇಕಾದ ಹೆಂಗಸಿಗೆ ಒಂದು ಚೀಲ ರಾಗಿ ಕೊಡುವ ನೆಮ್ಮದಿಯನ್ನು ಅವರು ಸಾಕಷ್ಟು ತೂಗಿ ನೋಡಲಿಲ್ಲವೆಂದು ಅನಿಸುತ್ತದೆ. ಇದನ್ನು ಅಕ್ಕನಿಗೆ ಹೇಳಿದೆ. ಅವಳು ನನ್ನ ಪಕ್ಷ ವಹಿಸುತ್ತಾಳೆಂದುಕೊಂಡಿದ್ದೆ. “ಅವಳು ಹೇಳೋದೇ ಸರಿ. ನಮ್ಮೂರಲ್ಲೇ ಇನ್ನಿಬ್ಬರಿಗೆ ಆಗಿತ್ತಂತೆ. ಅವರು ಸತ್ತ ಮೇಲೆ ನಂಗೆ ಗೊತ್ತಾಯ್ತು. ಮೂರು ಜನಾನೂ ಗಂಟು ಕಟ್ಕೊಂಡು ಒಂದೇ ಸಂತೇಲಿ ಓಡಾಡಿದೀವಿ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ನಾನು ಹೊರಡುವಾಗ ಅಕ್ಕ, ಪುಸ್ತಕ ಬರೆದ ಆ ಹೆಂಗಸು ಆಮೇಲೆ ಎಷ್ಟು ವರ್ಷ ಇದ್ದಳು ಎಂದು ಕೇಳಿದಳು. ಹದಿನಾಲ್ಕು ಎಂದೆ. ಕಾಯಿಲೆ ಮುಂದೆ ಲಿವರಿಗೆ ಬಂತೆಂಬುದನ್ನೂ ಹೇಳಿದೆ, ಮುಚ್ಚಿಡುವುದು ಸಾಕಾಗಿತ್ತು. ಅಕ್ಕ ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಲೆಕ್ಕ ಹಾಕಿ, “ನಂದು ಮೂವತ್ತೊಂದು” ಎಂದಳು.

ಪುಸ್ತಕ ಇನ್ನೂ ಅರ್ಧ ಬಾಕಿಯಿದೆ. ದಿನಚರಿಯ ಭಾಗವನ್ನು ಹೇಗೋ ಹೇಳಿದೆ. ಅವರು ಕವಿಯಾಗಿ ಬರೆದಿರುವ ಪುಟಗಳು ನನ್ನ ಬಾಯಲ್ಲಿ ಲ್ಯಾಬ್ ರಿಪೋರ್ಟಿನ ಹಾಗೆ ಕೇಳುತ್ತವೆಂದು ಅಕ್ಕನೇ ಹೇಳಿ ನಿಲ್ಲಿಸಿದ್ದಾಳೆ. ಫೋನ್ ಮಾಡಿದಾಗಲೆಲ್ಲ, ಬರೆಯುವವರು ಯಾರಾದರೂ ಸಿಕ್ಕರೇ ಎಂದು ವಿಚಾರಿಸುತ್ತಾಳೆ. ನಿಮ್ಮ ಉತ್ತರ ಬಂದರೆ ಅವಳಿಗೆ ಓದಿ ಹೇಳುತ್ತೇನೆ. ಅದು ಕನ್ನಡದಲ್ಲೇ ಇರುವುದರಿಂದ ತೊಂದರೆಯಾಗದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ತುಮಕೂರು